ಟಾರ್ಪಾಲು ಬಿಚ್ಚದ ಟ್ರೈಲರ್

ಸೈನ್ಯದ ಹಳೇ ಸಾಮಾನಿನ ಹರಾಜಿನಲ್ಲಿ ಹದಿನೆಂಟು ಸಾವಿರಕ್ಕೆ ಸಿಕ್ಕ ಟ್ರೈಲರನ್ನು ಅಡಿವೆಪ್ಪ ತನ್ನ ಸೌದೆ ಡಿಪೋಗೆ ತಂದ. ಒಂದು ಮದುವೆಮನೆಗೆ ಹೋಗಬೇಕಾದ ಅರೆಹಸಿ ಸೌದೆಯನ್ನು ಅರ್ಧ ಅದರಲ್ಲಿ, ಅರ್ಧ ಎತ್ತಿನಗಾಡಿಯಲ್ಲಿ ಹೇರಿಸಿಟ್ಟ. ಮದುವೆಗೆ ಇನ್ನೂ ಎರಡು ವಾರವಿತ್ತು. ಟ್ರೈಲರ್ ತನ್ನ ಪಾಲಿನ ಸೌದೆಯ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿದುಕೊಂಡಿತು.

"ಸಾಹೇಬರೇ, ಟಾರ್ಪಾಲು ತೆಗೆಯಿರಿ. ಸೌದೆಗೆ ಗಾಳಿಯಾಡಲಿ" ಎಂದು ಗಾಡಿ ಟ್ರೈಲರಿಗೆ ಹೇಳಿತು.

"ಹೇರಿದ ಮಾಲನ್ನು ಮುಚ್ಚಿಡುವುದೇ ನಮ್ಮ ಪದ್ಧತಿ. ಶತ್ರು ನೋಡಿಬಿಟ್ಟರೆ?"

"ಜಾಲಿ ಸೌದೆಗೆ ಯಾವ ಶತ್ರು ಬರುತ್ತಾನೆ? ಮೇಕೆಯೂ ಮೂಸುವುದಿಲ್ಲ!"

"ಗಾಡಿಯಜ್ಜ, ನಿನಗೆ ಶಿಸ್ತು ಗೊತ್ತಿಲ್ಲ" ಎಂದು ಟ್ರೈಲರ್ ಹಗ್ಗದ ಗಂಟುಗಳನ್ನು ಇನ್ನಷ್ಟು ಬಿಗಿಹಿಡಿಯಿತು. ಬಿಸಿಲಿಗೆ ಒಳಗೆಲ್ಲ ಬೆವೆತು ಸೌದೆಗೆ ಬೂಷ್ಟು ಹಿಡಿಯಿತು.

ಮದುವೆಯ ದಿನ ಟ್ರೈಲರಿನ ಸೌದೆ ಮೊದಲು ಒಲೆ ಸೇರಿತು. ಉರಿಯಲಿಲ್ಲ, ಬರೀ ಹೊಗೆ. ಬೀಗರು ಎಲೆಯ ಮುಂದೆ ಕೂತಿದ್ದರು, ಅಕ್ಕಿ ಇನ್ನೂ ಅಕ್ಕಿಯಾಗಿಯೇ ಇತ್ತು. ಹೆಣ್ಣಿನ ತಾಯಿ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು. "ಇದು ಯಾರು ತಂದ ಸೌದೆಯಪ್ಪಾ?"

ಟ್ರೈಲರ್ ಟಾರ್ಪಾಲನ್ನು ಮತ್ತೆ ಮುಖದ ಮೇಲೆಳೆದುಕೊಂಡಿತು.

"ನಾವಿಬ್ಬರೂ ತಂದದ್ದು, ತಾಯಿ. ಒಣಗಿದ್ದು ಇಲ್ಲಿದೆ, ತೆಗೆದುಕೊಳ್ಳಿ" ಎಂದಿತು ಗಾಡಿ. ಆ ಮಾತಿಗೆ ಟ್ರೈಲರ್ ನಾಚಿ ಹಗ್ಗದ ಗಂಟುಗಳನ್ನು ಸಡಿಲಬಿಟ್ಟಿತು.

ಕೊನೆಗೆ ಗಿಟ್ಟಿದ್ದಿಷ್ಟು: ಬೀಗರಿಗೆ ತಡವಾಗಿ ಊಟ, ಗಾಡಿಯ ಅಚ್ಚಿಗೆ ಎಣ್ಣೆ, ಟ್ರೈಲರಿಗೆ ಮಿಕ್ಕ ಬೂಷ್ಟು ಹಿಡಿದ ಸೌದೆಯನ್ನು ಹಾಡಹಗಲೇ ಊರ ನಡುವೆ ಎಲ್ಲರಿಗೂ ಕಾಣುವಂತೆ ಹೊತ್ತು ವಾಪಸ್ಸಾಗುವ ಕೆಲಸ.