ಹೂ ಕಟ್ಟುವವಳು ಕೇಳಿದ ತೀರ್ಪು

"ಉಪದೇಶಿಗಳೇ, ದೇವರು ಅಂತರಂಗ ಬಲ್ಲವನು, ಕಡೆಯ ದಿನ ಎಲ್ಲರಿಗೂ ತೀರ್ಪು ಕೊಡುತ್ತಾನೆ ಅನ್ನುತ್ತೀರಿ. ಆ ದಿನಕ್ಕೆ ಯಾರು ಹೆದರಬೇಕು?" ಎಂದು ಶಿಷ್ಯ ಇನ್ನಾಸಪ್ಪ ಕೇಳಿದ.

ಚರ್ಚಿನ ಉಪದೇಶಿ ಚೌರಪ್ಪ ಟೀ ಅಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತ. "ಸರಿಯಾದ ಕಡೆಗೇ ಬಂದೆ. ಇದೇ ಪ್ರಶ್ನೆಗೆ ಬಿಷಪ್ಪರಿಗೇ ಉತ್ತರ ಹೇಳಿಕೊಟ್ಟವನು ನಾನು," ಎಂದ. ಶಿಷ್ಯನ ಕಣ್ಣರಳಿದ್ದು ನೋಡಿ, "ಸುಳ್ಳು ಕಣೋ. ಅವರ ಕಾರು ಕೆಟ್ಟು ನಿಂತಾಗ ಹಿಂದಿನಿಂದ ನೂಕಿದ್ದೆ, ಅಷ್ಟೇ. ಕತೆ ಕೇಳು," ಎಂದು ಶುರುಮಾಡಿದ.

ಒಂದೂರಲ್ಲಿ ಒಬ್ಬ ಹೂ ಕಟ್ಟುವವಳಿದ್ದಳು. ಚರ್ಚಿನ ಮರಿಯಮಾತೆಯ ಪ್ರತಿಮೆಗೆ ಶನಿವಾರ ಶನಿವಾರ ಹಾರ ಕಟ್ಟಿ ಹಾಕುವುದು ಅವಳ ಪಾಲಿನ ಸೇವೆ. ಗಂಡನಿಲ್ಲ, ಮಕ್ಕಳಿಲ್ಲ, ಅವಳಿಗಿದ್ದದ್ದು ಅದೊಂದೇ. ಒಂದು ದಿನ ಮಾತೆಯ ಕೊರಳ ಚಿನ್ನದ ಸರ ಕಾಣೆಯಾಯಿತು. ಆ ಕೊರಳನ್ನು ಕಡೆಗೆ ಮುಟ್ಟಿದವಳು ಇವಳು. ಇವಳ ಗುಡಿಸಲು ಶೋಧಿಸಿದರು. ಸರ ಸಿಗಲಿಲ್ಲ. ಸಿಗದಿದ್ದದ್ದೇ ಸಾಕ್ಷಿಯಾಯಿತು, ಎಷ್ಟು ಜಾಣತನದಿಂದ ಬಚ್ಚಿಟ್ಟಿದ್ದಾಳೆ ನೋಡಿ ಎಂದರು.

ಊರ ಹಿರಿಯರು ಕರುಣೆಯುಳ್ಳವರು. ಪೊಲೀಸರವರೆಗೆ ಹೋಗಲಿಲ್ಲ. ಭಾನುವಾರ ಎಲ್ಲರೆದುರು ಮೇಣದಬತ್ತಿ ಹಿಡಿದು ಮೊಣಕಾಲೂರಿ ತಪ್ಪಾಯಿತು ಎಂದರೆ ಸಾಕು, ಮರುವಾರದ ಹಾರ ಅವಳದೇ ಎಂದು ಹೇಳಿಕಳಿಸಿದರು.

ಅವಳು ಮೊಣಕಾಲೂರಲಿಲ್ಲ. ಸೇವೆ ಬೇರೊಬ್ಬಳ ಪಾಲಾಯಿತು. ಇವಳನ್ನು ಹೊಸ್ತಿಲಾಚೆ ನಿಲ್ಲಿಸಿದರು. ಇವಳು ನಿಲ್ಲಲೂ ಇಲ್ಲ, ಚಾಪೆ ತಂದು ಕೂತಳು. ಮಡಿಲಲ್ಲಿ ಹಾರ ಕಟ್ಟಿಟ್ಟುಕೊಂಡು ವಾರ ತಪ್ಪದೆ ಕೂತಳು.

ಪೂಜೆಯಲ್ಲಿ ಎಲ್ಲರೂ ಒಟ್ಟಾಗಿ ವಿಶ್ವಾಸ ಪ್ರಮಾಣ ಹೇಳುವಾಗ, ಕ್ರಿಸ್ತ ತೀರ್ಪು ಕೊಡಲು ತಿರುಗಿ ಬರುತ್ತಾನೆ ಎಂಬ ಮಾತು ಬರುತ್ತದಲ್ಲ, ಬೇರೆ ಊರುಗಳಲ್ಲಿ ಜನ ಅದನ್ನು ಆಕಳಿಸುತ್ತ ದಾಟುತ್ತಾರೆ. ಆ ಊರಲ್ಲಿ ಹಾಗಾಗಲಿಲ್ಲ. ಆ ಮಾತು ಬಂದೊಡನೆ ಹೊರಗಿನಿಂದ ಒಂದು ದನಿ ಏರುತ್ತಿತ್ತು. ಒಳಗಿನ ಮುನ್ನೂರು ದನಿ ಇಳಿಯುತ್ತಿತ್ತು. ಪ್ರಮಾಣದ ಮುಂದಿನ ಸಾಲು ಬಂದಾಗ ಅವಳು ಮತ್ತೆ ಎಂದಿನಂತೆ ಮೆತ್ತಗೆ ಹೇಳಿಕೊಳ್ಳುತ್ತಿದ್ದಳು.

ಮೂರು ವರ್ಷ ಹೀಗೇ ನಡೆಯಿತು. ಹಿರಿಯರಿಗೆ ತಡೆಯಲಾಗಲಿಲ್ಲ. ಚಾಪೆಯ ಹತ್ತಿರ ಬಂದರು.

"ಮೊಣಕಾಲೂರುವುದೂ ಬೇಡ ಕಣಮ್ಮ. ಎಲ್ಲ ಕ್ಷಮಿಸಿದ್ದೀವಿ. ಎದ್ದು ಬಾ, ಹಾರ ಹಾಕು."

ಹತ್ತು ಹೆಜ್ಜೆ ನಡೆದರೆ ಮಾತೆಯ ಕೊರಳು. ಮೂರು ವರ್ಷದಿಂದ ಅವಳು ಬೇಡಿಕೊಂಡದ್ದು ಅದನ್ನೇ. ಅವಳು ಮಡಿಲ ಹಾರವನ್ನು ಸರಿಪಡಿಸಿಕೊಂಡಳು.

"ನಿಮ್ಮ ಕ್ಷಮೆ ಇಸ್ಕೊಂಡ್ರೆ ನಾನು ಕಳ್ಳಿ ಅಂತ ಒಪ್ಕೊಂಡಂಗೆ, ಯಜಮಾನ್ರೆ. ನಂಗೆ ಕ್ಷಮೆ ಬ್ಯಾಡ, ತೀರ್ಪು ಬೇಕು. ಕೊಡೋನು ಬತ್ತಾನೆ ಅಂತ ನೀವೇ ವಾರವಾರ ಹೇಳ್ತೀರಲ್ಲ, ಬರಲಿ. ನಂಗೇನೂ ಅವಸರ ಇಲ್ಲ. ನಿಮಗಿದ್ರೆ ನೀವೇ ಕರೀರಿ."

ಹಿರಿಯರು ಒಳಗೆ ಹೋದರು. ಸಾಯುವವರೆಗೂ ಅವಳು ಆ ಹೊಸ್ತಿಲು ದಾಟಲಿಲ್ಲ. ದನಿಯನ್ನೂ ಇಳಿಸಲಿಲ್ಲ.

ಇನ್ನಾಸಪ್ಪ ತಡೆಯಲಾರದೆ ಕೇಳಿದ: "ಸರಿ, ಸರ ಕದ್ದದ್ದು ಯಾರು? ಹೆದರಬೇಕಾದವನು ಅವನೇ ತಾನೆ?"

"ಕದ್ದವನಿಗೆ ತನ್ನ ಪಾಪ ಗೊತ್ತಿದೆಯಪ್ಪ; ಹೆದರಬೇಕಾದವರು ಅವಳನ್ನು ಕ್ಷಮಿಸಿದವರು."

ಚೌರಪ್ಪ ಖಾಲಿ ಲೋಟವನ್ನು ಅವನ ಕಡೆಗೆ ಸರಿಸಿ, "ಟೀದು ನೀನೇ ಕೊಟ್ಟುಬಿಡು," ಎಂದ.