ಮಿಂಚುಳ್ಳಿಯ ಕಾಲು, ಚಿಲಕದ ಮದ್ದು

ಕುತ್ತಿಗೆಯಲ್ಲಿದ್ದದ್ದು ಸೂಜಿ ಹತ್ತಿ ಕಾಲಿಗೆ ಬಂತು, ಏನದು? ನಿಮಗೆ ಗೊತ್ತಾಗಲ್ಲ ಬಿಡಿ, ಬೇಲಿ ಹಾರುವ ಪಂದ್ಯದ ಕುದುರೆ ಮಿಂಚುಳ್ಳಿಗೇ ಗೊತ್ತಾಗಲಿಲ್ಲ. ಅದು ಅದರದೇ ರಕ್ತ.

"ನನ್ನ ರಕ್ತ ನನಗೇ ಕೊಡೋದಾದ್ರೆ ತೆಗೆದಿದ್ದೇಕೆ ಮಾರಾಯ?" ಎಂದಿತು ಕುದುರೆ.

"ಸೋಸಿ ಕೊಟ್ಟಿದ್ದೀನಿ. ಮುಂಗಾಲಿನ ಹರಿದ ಸ್ನಾಯು ಕೂಡೋದು ನನ್ನಿಂದಲೇ," ಎಂದಿತು ಸೂಜಿ.

"ಸುಳ್ಳು, ಕೆಟ್ಟ ರಕ್ತ ಹೀರಿದ್ದು ನಾನು," ಎಂದಿತು ಜಿಗಣೆ.

"ಊತ ಇಳಿಸಿದ್ದು ಯಾರು, ನಿಮ್ಮಪ್ಪನಾ?" ಎಂದಿತು ಐಸಿನ ಚೀಲ.

ಕಾಲು ಕೂಡದಿದ್ದರೆ ಜನ್ಮದಲ್ಲಿ ಇನ್ನು ಹಾರುವಂತಿಲ್ಲ. ಯಾರನ್ನು ನಂಬಬೇಕೋ ತಿಳಿಯದೆ, ಒಬ್ಬೊಬ್ಬರ ಮದ್ದಾದ ಮೇಲೂ ಮಿಂಚುಳ್ಳಿ ಲಾಯದಲ್ಲೇ ಒಮ್ಮೆ ಎಗರಿ ನೋಡುತ್ತಿತ್ತು. ಕೂಡಿದಷ್ಟು ಸ್ನಾಯು ಮತ್ತೆ ಹರಿಯುತ್ತಿತ್ತು.

ಬಾಗಿಲ ಚಿಲಕ ತಡೆಯಲಾರದೆ ಕೇಳಿತು, "ತಾಯಿ, ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಕಲಕಿದರೆ ಮೊಸರಾಗುತ್ತಾ?"

"ನಿನ್ನ ಮದ್ದೇನು?"

"ನನಗೆ ಮದ್ದು ಗೊತ್ತಿಲ್ಲ. ಹಾಕಿಕೊಂಡು ಸುಮ್ಮನಿರೋದು ಗೊತ್ತು."

ಇದೆಂಥಾ ವೈದ್ಯವೋ ಅರ್ಥವಾಗದಿದ್ದರೂ ಕುದುರೆ ಎಗರುವುದು ಬಿಟ್ಟು ನಿಂತಿತು. ಆರು ತಿಂಗಳಿಗೆ ಚಿಲಕ ತೆರೆಯಿತು, ಮಿಂಚುಳ್ಳಿ ನಾಲ್ಕಡಿ ಬೇಲಿಯನ್ನು ಹೂವಿನಂತೆ ದಾಟಿತು.

ದಾಟಿದ್ದು ನಾನೇ ಕಟ್ಟಿದ ಮಾತು. ಈಗಿನ್ನೂ ನಾಲ್ಕನೇ ತಿಂಗಳು, ಕುದುರೆ ನಿಂತೇ ಇದೆ.