ಜೇಬಿನ ಗಿಳಿಗಳು

ವನಜಳ ಹೊಲಿಗೆ ಡಬ್ಬಿಯಲ್ಲಿ ಕತ್ತರಿಯೂ ಸೂಜಿಯೂ ಒಟ್ಟಿಗೆ ಬಾಳುತ್ತಿದ್ದವು. ವನಜ ತನಗೆಂದು ಮೊದಲ ಸಲ ಲಂಗ ಹೊಲಿಯುತ್ತಿದ್ದಳು. ಗಿಳಿ ಅಚ್ಚಿನ ಬಟ್ಟೆ ಲಂಗಕ್ಕೆ ಹೋಗಿ, ಒಂದು ಜೇಬಿಗಾಗುವಷ್ಟು ಮಾತ್ರ ಉಳಿದಿತ್ತು. ಕತ್ತರಿ ಅವಸರಪಟ್ಟು ಬಾಯಿ ಹಾಕಿತು. ನೋಡಿದರೆ ಗಿಳಿಗಳೆಲ್ಲ ತಲೆಕೆಳಗು. ಜೇಬಿನ ತಳ ದುಂಡಾಗಿ ಕತ್ತರಿಸಿಯಾಗಿತ್ತು, ತಿರುಗಿಸಿ ಹಚ್ಚುವಂತೆಯೂ ಇರಲಿಲ್ಲ.

ಕತ್ತರಿ ಬಾಯಿ ಮುಚ್ಚಿಕೊಂಡು ಮೂಲೆ ಸೇರಿತು. "ಸೂಜಕ್ಕ, ಹುಡುಗಿಯ ಆಸೆ ಹಾಳು ಮಾಡಿದೆ. ಇನ್ನು ನಾನು ಯಾವ ಬಟ್ಟೆಯನ್ನೂ ಮುಟ್ಟುವುದಿಲ್ಲ," ಎಂದಿತು.

"ಉಡುವವಳು ಏನನ್ನುತ್ತಾಳೋ ಕೇಳೋಣ. ಆಮೇಲೆ ಕೊರಗುವೆಯಂತೆ ತಮ್ಮ," ಎಂದು ಸೂಜಿ ಆ ಜೇಬನ್ನೇ ಲಂಗದ ಮುಂದೆ ಹೊಲಿಯಿತು.

ವನಜ ಲಂಗ ಉಟ್ಟು ಬಾಗಿಲಿಗೆ ಬಂದಳು. ಎದುರುಮನೆಯ ಕಾಶಕ್ಕ, "ಜೇಬಿನ ಗಿಳಿಗಳು ತಲೆಕೆಳಗಾಗಿವೆಯಲ್ಲೇ," ಎಂದಳು.

ವನಜ ತಲೆ ಬಗ್ಗಿಸಿ ಜೇಬು ನೋಡಿಕೊಂಡಳು. ಮೇಲಿನಿಂದ ನೋಡುವ ಅವಳ ಕಣ್ಣಿಗೆ ಗಿಳಿಗಳು ನೆಟ್ಟಗೆ ಕೂತಿದ್ದವು.

"ಲಂಗದ ಗಿಳಿಗಳು ನಿಮಗೆ ಕಾಶಕ್ಕ, ಜೇಬಿನವು ನನಗೆ," ಎಂದಳು.

ಡಬ್ಬಿಯೊಳಗೆ ಕತ್ತರಿ ಮೆಲ್ಲಗೆ ಬಾಯಿ ಬಿಟ್ಟು, "ಅಕ್ಕ, ರವಿಕೆಯ ಬಟ್ಟೆ ಎಲ್ಲಿಟ್ಟಿದ್ದಾಳೆ?" ಎಂದು ಕೇಳಿತು.